ಎರಡನೇ ಸಾಲು, ಕೆಳಗಿನ ಹಲಗೆ

ನಮ್ಮ ಅತ್ತಿಗೆ ಬಸ್ ಕಂಡಕ್ಟರ್. ತುಂಬಿದ ಬಸ್ಸಿನಲ್ಲಿ ಯಾರು ಎಲ್ಲಿ ಇಳಿಯಬೇಕೆಂಬುದನ್ನೆಲ್ಲ ನೆನಪಿಟ್ಟುಕೊಳ್ಳುವ ತಲೆ ಅದು. ಅಣ್ಣ ಲೇತ್ ಮೆಷಿನ್ ಕೆಲಸದವನು. ಕಬ್ಬಿಣವನ್ನು ಕೂದಲೆಳೆಯಷ್ಟೂ ತಪ್ಪದೆ ಕಡೆಯುತ್ತಾನೆ. ಆದರೆ ಅಂಗಡಿಗೆ ಕಳಿಸಿದರೆ ಮುಗಿಯಿತು, ಒಂಬತ್ತು ಸಲ ಫೋನು. "ಲೇ, ಯಾವ ಸೋಪೇ? ಬಟ್ಟೇದೋ, ಪಾತ್ರೇದೋ?" ಚೀಲ ಹಿಡಿದು ಜೊತೆಗೆ ಹೋಗುವ ನಾನೇನು ಸಾಚಾ ಅಂದುಕೊಳ್ಳಬೇಡಿ. ನನಗೂ ಮನೆ ಸಾಮಾನಿಗೂ ಎಣ್ಣೆ ಸೀಗೆಕಾಯಿ ಸಂಬಂಧ.

ಆ ವರ್ಷ ಅತ್ತಿಗೆ ಕಂಟ್ರೋಲರ್ ಹುದ್ದೆಯ ಪರೀಕ್ಷೆಗೆ ಕಟ್ಟಿದ್ದರು. ಹನ್ನೆರಡು ವರ್ಷ ನಿಂತೇ ದುಡಿದು ಕಾಲು ಸೋತಿದ್ದವು. ಕೂತು ಮಾಡುವ ಕೆಲಸ ಬೇಕಿತ್ತು. ವಯಸ್ಸಿನ ಲೆಕ್ಕದಲ್ಲಿ ಅದೇ ಕೊನೆಯ ಅವಕಾಶ. ಓದಲು ಸಿಗುತ್ತಿದ್ದದ್ದು ಭಾನುವಾರ ಮಾತ್ರ. ಅದನ್ನೂ ನಮ್ಮ ಫೋನು ತಿಂದುಹಾಕುತ್ತಿತ್ತು.

ಅದಕ್ಕೇ ಅವರು ವಾರವಾರ ಒಂದು ಪಟ್ಟಿ ಬರೆದುಕೊಡತೊಡಗಿದರು. ಅಂಗಡಿಯೊಳಗೆ ಕಾಲಿಟ್ಟಲ್ಲಿಂದ ಹೊರಬರುವ ತನಕ, ಬಸ್ಸಿನ ನಿಲ್ದಾಣಗಳ ಹಾಗೆ, ದಾರಿಯಲ್ಲಿ ಸಿಗುವ ಕ್ರಮದಲ್ಲೇ. ಸಾಮಾನಿನ ಹೆಸರು ಬರೆದರೆ ನಾವು ನೂರೆಂಟು ಪ್ರಶ್ನೆ ಕೇಳುತ್ತೇವೆಂದು ಹೆಸರನ್ನೇ ಬಿಟ್ಟರು. 'ಎರಡನೇ ಸಾಲು, ಕೆಳಗಿನ ಹಲಗೆ, ಎಡತುದಿ, ನೀಲಿ ಪೊಟ್ಟಣ, ಎರಡು.' ಅಷ್ಟೇ. ಐದು ವಾರ ಒಂದೂ ಫೋನಿಲ್ಲ! ಅಣ್ಣನಂತೂ ಮೀಸೆ ತಿರುವಿದ್ದೇ ತಿರುವಿದ್ದು.

ಆರನೇ ವಾರ, ಪರೀಕ್ಷೆಗೆ ಏಳೇ ದಿನ ಇದ್ದಾಗ, ಅಂಗಡಿಯವನು ಸಾಮಾನಿನ ಜಾಗಗಳನ್ನೆಲ್ಲ ಅದಲುಬದಲು ಮಾಡಿದ್ದ. ನಾವೋ, ಪಟ್ಟಿ ನೋಡಿದೆವು, ಎತ್ತಿಕೊಂಡೆವು, ಬಂದೆವು. ಅತ್ತಿಗೆ ಚೀಲ ಸುರಿದರು. ಬೆಕ್ಕಿನ ತಿಂಡಿ ಎರಡು, ಶೂ ಪಾಲಿಶ್ ಒಂದು, ಮೇಣದಬತ್ತಿ ಮೂರು ಕಟ್ಟು. ನಮ್ಮ ಮನೆಯಲ್ಲಿ ಬೆಕ್ಕಿಲ್ಲ.

"ರೀ, ಉಪ್ಪೆಲ್ಲಿ?"

"ನೀನು ಹೇಳಿದ ಜಾಗದಲ್ಲೇ ತಗೊಂಡ್ವಲ್ಲೇ! ನೀಲಿ ಪೊಟ್ಟಣ!" ಅಂದ ಅಣ್ಣ.

ಬಿದ್ದು ಬಿದ್ದು ನಗುತ್ತಾರೆ ಅಂದುಕೊಂಡೆ. ಅತ್ತಿಗೆ ನೆಲದ ಮೇಲೆ ಕೂತುಬಿಟ್ಟರು.

"ತಪ್ಪು ನಂದೇ ರೀ. ನೀವು ಮಾಡ್ಬೇಕಾದ ಯೋಚ್ನೇನೂ ನಾನೇ ಮಾಡಿಟ್ಟೆ. ಈ ಮನೇಲಿ ಏನು ಮುಗ್ದಿದೆ ಅಂತ ಗೊತ್ತಿರೋದು ನನಗೊಬ್ಳಿಗೇ. ಪುಸ್ತಕ ತೆಗೆದ್ರೂ ಅಕ್ಕಿ ಡಬ್ಬಾನೇ ಕಣ್ಣಿಗೆ ಬರತ್ತೆ."

ಇಷ್ಟು ವರ್ಷ ಕೂತು ಉಂಡವರು ನಾವು. ನಾಚಿಕೆಯಾಯಿತು, ನಿಜ ಹೇಳುತ್ತೇನೆ.

ಅತ್ತಿಗೆ ಎದ್ದು ಕೋಣೆಗೆ ಹೋದರು. ಅಣ್ಣ ಅಡುಗೆಮನೆಯ ಡಬ್ಬಗಳನ್ನು ಒಂದೊಂದಾಗಿ ಇಳಿಸಿ ಮುಚ್ಚಳ ತೆಗೆದ. ಮೂಸಿದ, ಬೆರಳಿಟ್ಟು ಆಳ ನೋಡಿದ, ಗೊತ್ತಾಗದ್ದನ್ನು ನನ್ನ ಕಡೆ ಚಾಚಿದ. ನನಗಾದರೂ ಏನು ಗೊತ್ತು? "ಅತ್ತಿಗೇ..." ಅಂತ ಬಾಯಿ ತೆರೆದೆ.

"ಕರೀಬೇಡ್ವೋ! ನಾಲಿಗೆ ಮೇಲೆ ಹಾಕ್ಕೊಂಡು ನೋಡು."

ಅದು ಸೋಡಾಪುಡಿ. ಥೂ! ಹಾಗೂ ಹೀಗೂ ಹದಿನೇಳು ಸಾಲಿನ ಪಟ್ಟಿಯಾಗುವಾಗ ಒಂದೂವರೆ ಗಂಟೆ ಹಿಡಿಯಿತು.

ಪರೀಕ್ಷೆಯಲ್ಲಿ ಅತ್ತಿಗೆ ಪಾಸಾದರು. ಅದು ಅವರ ದುಡಿಮೆ, ನಮ್ಮದೇನೂ ಇಲ್ಲ. ನಮ್ಮದೇನಾದರೂ ಇದ್ದರೆ ಡಬ್ಬ ಮೂಸಿದ ಆ ದಿನದ್ದೊಂದೇ. ಪಟ್ಟಿ ಸರಿಯಿದೆಯೇ ಎಂದು ತೋರಿಸಲು ಅಣ್ಣ ಕೋಣೆಯ ಬಾಗಿಲಿಗೆ ಹೋದ. ಒಳಗೆ ಅತ್ತಿಗೆ ಗಟ್ಟಿಯಾಗಿ ಓದುತ್ತಿದ್ದರು. ತಟ್ಟಲು ಎತ್ತಿದ ಕೈಯನ್ನು ಅವನು ಕೆಳಗಿಳಿಸಿದ.

"ನಡಿಯೋ," ಅಂದ ಮೆಲ್ಲಗೆ, "ತಪ್ಪಾದ್ರೆ ಇನ್ನೊಂದ್ಸಲ ಹೋಗಿ ತರೋಣ."