ನಡುವಿನ ಸೀಟು

ಅದನ್ನು ಕಾರು ಎಂದು ಕರೆಯುವುದಕ್ಕೂ ಸ್ವಲ್ಪ ಧೈರ್ಯ ಬೇಕಿತ್ತು. ಹಿಂದಿನ ಎಡಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ. ಹೊರಗಿನಿಂದ ತೆರೆಯಬೇಕಾದರೆ ಮೊದಲು ಮೊಣಕಾಲಿನಿಂದ ಒಂದು ಏಟು ಕೊಡಬೇಕು. ಸೀಟಿನ ಸಂದಿಯಲ್ಲಿ ಬಿಸ್ಕತ್ತಿನ ಪುಡಿ, ಬಣ್ಣದ ಪೆನ್ಸಿಲ್ಲಿನ ಚೂರುಗಳು, ಜೋಡಿ ಕಳೆದುಕೊಂಡ ಕಾಲುಚೀಲಗಳು. ಬಿಸಿಲು ಏರಿದರೆ ಎಂದೋ ಚೆಲ್ಲಿದ ಹಾಲಿನ ಹುಳಿ ವಾಸನೆ ಏಳುತ್ತಿತ್ತು. ಚಿಕ್ಕಮ್ಮನ ಭಾವ ಅದರಲ್ಲಿ ಕೂರುವ ಮೊದಲು ಮೂಗು ಮುರಿದು ಕರವಸ್ತ್ರ ಹಾಸಿಕೊಳ್ಳುತ್ತಿದ್ದರು. ಹಾಸಿಕೊಂಡಾದರೂ ಕೂರುತ್ತಿದ್ದರು ಎನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಚಿಕ್ಕಮ್ಮ ಅಸಲಿಗೆ ಯಾರ ಚಿಕ್ಕಮ್ಮನೂ ಅಲ್ಲ. ಕೆಲಸಕ್ಕೆ ಹೋಗುವ ತಾಯ್ತಂದೆಯರ ಮಕ್ಕಳನ್ನು ತನ್ನ ಮನೆಯಲ್ಲಿ ನೋಡಿಕೊಳ್ಳುವುದು ಅವಳ ಕಸುಬು. ಮೊದಲು ಬಂದ ಮಗು ಹಾಗೆ ಕರೆಯಿತು, ಆಮೇಲೆ ಬಂದವು ಅದನ್ನೇ ಕಲಿತವು, ಈಗ ಪೆಟ್ರೋಲ್ ಬಂಕಿನವನೂ ಹಾಗೇ ಕರೆಯುತ್ತಾನೆ. ಮೇಲೊಬ್ಬ ಯಜಮಾನನಿಲ್ಲ, ಸಂಬಳದ ಚೀಟಿಯಿಲ್ಲ. ವರ್ಷದ ಕೊನೆಗೆ ಬಂದದ್ದೆಷ್ಟು, ಕೆಲಸಕ್ಕೆಂದು ಖರ್ಚಾದದ್ದೆಷ್ಟು ಎಂದು ತೆರಿಗೆ ಆಫೀಸಿಗೆ ತಾನೇ ಬರೆದುಕೊಡಬೇಕು. ಖರ್ಚು ಕಳೆದು ಉಳಿದದ್ದಕ್ಕೆ ತೆರಿಗೆ.

ಬರೆಯುವ ಉಸಾಬರಿ ಭಾವನದು. ಅವರು ಗಂಡನ ಅಣ್ಣ, ಯಾವುದೋ ಗೋದಾಮಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಅದೇ ಮನೆಯ ಮಹಡಿಯಲ್ಲಿ ವಾಸ. ಗಂಡ ಲಾರಿ ಓಡಿಸುವವನು. ವಾರಕ್ಕೊಮ್ಮೆ ಮನೆಗೆ ಬಂದು ನಿದ್ದೆ ಮಾಡಿ ಹೋಗುತ್ತಿದ್ದ, ಲೆಕ್ಕ ಎಂದರೆ ಅಣ್ಣನ ಕಡೆ ಕೈ ತೋರಿಸುತ್ತಿದ್ದ. ಭಾವ ಪ್ರತಿ ವರ್ಷ ಆಟದ ಸಾಮಾನು, ಹಾಲು, ಸೋಪು ಎಲ್ಲವನ್ನೂ ಗುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದರು. ಕಾರಿನ ಮಾತೆತ್ತಿದರೆ ಮಾತ್ರ ಕೈ ಆಡಿಸಿಬಿಡುತ್ತಿದ್ದರು.

"ಕಾರು ಮನೇದು ಕಣಮ್ಮ. ಮಕ್ಕಳನ್ನ ಕೂರಿಸ್ಕೊಂಡು ಸುತ್ತೋದನ್ನ ಯಾರಾದ್ರೂ ಕೆಲಸ ಅಂತಾರಾ?"

ಆ 'ಸುತ್ತೋದು' ಹೇಗಿತ್ತೆಂದರೆ, ಬೆಳಿಗ್ಗೆ ಎದ್ದವಳು ಒಂದು ಲೋಟ ಕಾಫಿಯನ್ನು ಬಿಸಿಯಾಗಿ ಕುಡಿದ ದಿನವೇ ಇಲ್ಲ. ಮುಂದಿನ ಸೀಟಿನಲ್ಲಿ ಕನ್ನಡಕದ ಹುಡುಗಿ. ಹಿಂದೆ ಒಂದು ಕಿಟಕಿಯ ಪಕ್ಕ, ಮಗುವಿನ ಸೀಟಿನಲ್ಲಿ, ಇನ್ನೂ ಎರಡು ತುಂಬದ ಪುಟಾಣಿ. ಅದು ಶಾಲೆಗೆ ಹೋಗುವುದಿಲ್ಲ, ಆದರೆ ಮನೆಯಲ್ಲಿ ಒಂಟಿಯಾಗಿ ಬಿಡುವ ಹಾಗಿಲ್ಲ. ಇನ್ನೊಂದು ಕಿಟಕಿಗೆ ಪ್ರಶ್ನೆ. ಅದು ಆರು ವರ್ಷದ ಹುಡುಗನೊಬ್ಬನ ಅಡ್ಡಹೆಸರು, ಅದು ಯಾಕೆ ಬಂತೆಂದು ಅವನ ಜೊತೆ ಐದು ನಿಮಿಷ ಕೂತವರಿಗೆಲ್ಲ ಗೊತ್ತು. ನಡುವಿನ ಸೀಟಿನಲ್ಲಿ ಚಿಕ್ಕಮ್ಮನ ಸ್ವಂತ ಮಗಳು, ಒಂಬತ್ತು ವರ್ಷದವಳು. ಕಾರು ಮೊದಲು ದೊಡ್ಡ ರಸ್ತೆ ಹಿಡಿದು, ತೆರಿಗೆ ಆಫೀಸಿನ ಮುಂದೆ ಹಾದು, ರೈಲ್ವೆ ಗೇಟು ದಾಟಿ ಪ್ರಶ್ನೆಯನ್ನು ಅವನ ಶಾಲೆಗೆ ಇಳಿಸಬೇಕು. ಆಮೇಲೆ ಅಷ್ಟೂ ದಾರಿ ಹಿಂದಕ್ಕೆ ಬಂದು ಪಾರ್ಕಿನ ಪಕ್ಕದ ಶಾಲೆಗೆ ಕನ್ನಡಕದ ಹುಡುಗಿಯನ್ನೂ ಮಗಳನ್ನೂ ಬಿಡಬೇಕು. ಮಗಳ ಶಾಲೆ ಮನೆಗೆ ಎಷ್ಟು ಹತ್ತಿರ ಎಂದರೆ, ಪಾರ್ಕಿನೊಳಗಿಂದ ನಡೆದರೆ ಕಾರಿಗಿಂತ ಬೇಗ ತಲುಪಬಹುದು. ಆದರೂ ಅವಳು ಅಷ್ಟೂ ಸುತ್ತುತ್ತಿದ್ದಳು, ಯಾಕೆಂದರೆ ಅವಳ ಅಮ್ಮ ಇರುವುದು ಕಾರಿನಲ್ಲಿ.

ಈ ವರ್ಷ ಕ್ಲಚ್ಚು ಕೈಕೊಟ್ಟಿತು. ಅದರ ರಿಪೇರಿಗೆ ಒಂದು ತಿಂಗಳ ದುಡಿಮೆ ಹೋಗಿ, ಮೇಲೆ ಸಾಲವೂ ಆಯಿತು. ಚಿಕ್ಕಮ್ಮ ಭಾವನ ಮುಂದೆ ಹೋಗಿ ನಿಂತು, "ಕಾರಿಂದು ಈ ಸಲ ನಾನೇ ಬರೀತೀನಿ," ಎಂದಳು. ಪೆಟ್ರೋಲು, ರಿಪೇರಿ, ಯಾವ ದಿನ ಎಲ್ಲಿಗೆ, ಎಲ್ಲ ಬರೆದಳು. ಭಾನುವಾರ ಮಾರ್ಕೆಟ್ಟಿಗೆ ಹೋದದ್ದನ್ನು ಬಿಟ್ಟಳು, ಅದು ತನ್ನ ಸ್ವಂತದ್ದು ಎಂದು. ವಾಹನದಲ್ಲಿ ಯಾರು ಯಾರು ಪ್ರಯಾಣಿಸುತ್ತಾರೆ ಎಂದು ಕೇಳಿದ್ದ ಕಡೆ ಮೂರು ಮಕ್ಕಳ ಹೆಸರು ಬರೆದು, ಕೆಳಗೆ ಮಗಳದ್ದನ್ನೂ ಬರೆದಳು. ಭಾವ ಗೊಣಗುತ್ತಲೇ ಲೆಕ್ಕವನ್ನಷ್ಟೇ ನಕಲು ಮಾಡಿ, ಹೆಸರುಗಳನ್ನು ನೋಡದೆ ಎಲ್ಲ ಸೇರಿಸಿ ಕಳಿಸಿದರು.

ಉತ್ತರ ಬಂತು. ನಿಮ್ಮ ಮಗಳೂ ಈ ವಾಹನದಲ್ಲಿ ಶಾಲೆಗೆ ಹೋಗುವುದರಿಂದ ಇದನ್ನು ಕುಟುಂಬದ ವಾಹನವೆಂದು ಪರಿಗಣಿಸಿ ಖರ್ಚನ್ನು ನಿರಾಕರಿಸಲಾಗಿದೆ, ಆಕ್ಷೇಪಣೆ ಇದ್ದರೆ ಖುದ್ದಾಗಿ ಬನ್ನಿ, ಎಂದಿತ್ತು ಅದರಲ್ಲಿ.

ಭಾವ ಹಣೆ ಚಚ್ಚಿಕೊಂಡರು. "ಅವಳ ಹೆಸರು ಯಾರು ಬರಿ ಅಂದ್ರು ನಿಂಗೆ?"

"ಯಾರ್ಯಾರು ಕೂರ್ತಾರೆ ಅಂತ ಅವರೇ ಕೇಳಿದ್ರಲ್ಲ ಭಾವ."

"ಕೇಳಿದ್ದಕ್ಕೆಲ್ಲ ಉತ್ತರ ಕೊಡ್ತಾರಾ? ನಾನು ಅಷ್ಟು ವರ್ಷ ಗೋದಾಮು ನಡೆಸಿದೀನಿ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿದ್ರೆ ಜೈಲಲ್ಲಿ ಇರ್ತಿದ್ದೆ. ಈಗ ಒಂದೇ ದಾರಿ. ನಾಳೆಯಿಂದ ಅವಳು ನಡ್ಕೊಂಡು ಹೋಗ್ಲಿ. ನೀನು ಹೋಗಿ, ಹೆಸರು ಕೈತಪ್ಪಿ ಬಂತು ಅನ್ನು."

ಚಿಕ್ಕಮ್ಮನಿಗೆ ಸಿಟ್ಟು ಬಂತು, ಸಿಟ್ಟಿಗಿಂತ ಮೊದಲು ಭಯ ಬಂತು. ಕ್ಲಚ್ಚಿನ ಸಾಲವಿನ್ನೂ ತಲೆಯ ಮೇಲಿತ್ತು. ಅದರ ಜೊತೆ ಈ ತೆರಿಗೆಯನ್ನೂ ಕಟ್ಟಬೇಕೆಂದರೆ ಕಾರು ಮಾರಬೇಕು. ಕಾರು ಇಲ್ಲ ಎಂದರೆ ಗೇಟಿನಾಚೆಗೆ ಮಗುವನ್ನು ಯಾರು ಬಿಡುತ್ತಾರೆ? ಒಬ್ಬೊಬ್ಬರಾಗಿ ಬೇರೆ ಕಡೆ ಸೇರಿಸುತ್ತಾರೆ, ಮನೆ ಖಾಲಿಯಾಗುತ್ತದೆ. ಇಷ್ಟು ವರ್ಷ ಕಟ್ಟಿಕೊಂಡ ದುಡಿಮೆ ಒಂದು ಕಾಗದಕ್ಕೆ ಹೋಗುತ್ತದೆ. ಮಗಳನ್ನು ಅಡುಗೆಮನೆಗೆ ಕರೆದು ವಿಷಯ ಹೇಳಿದಳು. ಮಗಳು ಯಾಕೆ ಎಂದು ಒಂದು ಮಾತೂ ಕೇಳಲಿಲ್ಲ. "ಸರಿ ಅಮ್ಮ, ಹತ್ರಾನೇ ತಾನೆ," ಎಂದಳು. ಕೇಳಿದ್ದರೇ ಚೆನ್ನಾಗಿತ್ತು.

ಮಾರನೆಯ ದಿನ ಮಗಳು ಚೀಲ ಹೊತ್ತು ಮೊದಲೇ ಹೊರಟಳು. ಕಾರು ಹೊರಟು ಬೀದಿಯ ತಿರುವಿಗೆ ಬರುವಾಗ ಅವಳು ಫುಟ್‌ಪಾತಿನ ಮೇಲೆ ಹೋಗುತ್ತಿದ್ದಳು. ಕಾರಿನ ಸದ್ದು ಅವಳಿಗೆ ಗೊತ್ತಾಗದೆ ಇರುವುದು ಸಾಧ್ಯವಿಲ್ಲ, ಆ ಸದ್ದು ಮೂರು ಬೀದಿಗೆ ಗೊತ್ತು. ಆದರೂ ಅವಳು ತಿರುಗಿ ನೋಡಲಿಲ್ಲ.

ಹಿಂದಿನ ಸೀಟಿನಲ್ಲಿ ಆಗಲೇ ರಂಪ ಶುರುವಾಗಿತ್ತು. ನಡುವೆ ಜಾಗ ಖಾಲಿ ಸಿಕ್ಕಿದ್ದರಿಂದ ಪ್ರಶ್ನೆ ಬೆಲ್ಟು ಬಿಚ್ಚಿ ಅತ್ತ ಸರಿದಿದ್ದ, ಪುಟಾಣಿಯ ಹಾಲಿನ ಬಾಟಲಿ ಅವನ ಕೈಗೆ ಬಂದು ಮುಚ್ಚಳ ಕಳಚಿತ್ತು. ಪುಟಾಣಿ "ಅಕ್ಕ, ಅಕ್ಕ" ಎಂದು ಕಿಟಕಿಗೆ ಅಂಗೈ ಬಡಿಯುತ್ತಿತ್ತು.

"ಚಿಕ್ಕಮ್ಮ, ಅಕ್ಕ ಯಾಕೆ ನಡ್ಕೊಂಡು ಹೋಗ್ತಿದಾಳೆ?" ಎಂದು ಪ್ರಶ್ನೆ ಕೇಳಿದ.

ಚಿಕ್ಕಮ್ಮ ಗೇರು ಬದಲಿಸಿದಳು.

"ಅಕ್ಕ ಏನಾದ್ರೂ ತಪ್ಪು ಮಾಡಿದಾಳಾ?"

ಅವತ್ತು ಗೇಟು ದಾಟಿ, ಹಿಂದಕ್ಕೆ ಬಂದು, ಪಾರ್ಕಿನ ಶಾಲೆಯ ಮುಂದೆ ನಿಲ್ಲಿಸಿದಾಗ ಮಗಳು ಆಗಲೇ ಒಳಗೆ ಹೋಗಿದ್ದಳು. ಸಂಜೆ ಮಕ್ಕಳನ್ನು ಕರೆತರಲು ಹೋದಾಗ ಅವಳು ಚೀಲ ಹೊತ್ತು ಪಾರ್ಕಿನ ಕಡೆ ತಿರುಗಿದ್ದಳು. ಚಿಕ್ಕಮ್ಮ ಕಾರನ್ನು ಅವಳ ಪಕ್ಕಕ್ಕೇ ತಂದು ನಿಲ್ಲಿಸಿ, ಇಳಿದು, ಹಿಂದಿನ ಬಾಗಿಲಿಗೆ ಮೊಣಕಾಲಿನಿಂದ ಏಟು ಕೊಟ್ಟು ತೆಗೆದಳು.

"ಹತ್ತು."

"ಆಫೀಸಿಗೆ ಗೊತ್ತಾದ್ರೆ ಕಾರು ಹೋಗುತ್ತಲ್ಲ ಅಮ್ಮ?"

"ಹೋದ್ರೆ ಹೋಗ್ಲಿ. ಹತ್ತು ಅಂದೆ."

ಮಗಳು ಹತ್ತಿದಳು. ಕೂತವಳು ಮೊದಲು ಪ್ರಶ್ನೆಯ ಬೆಲ್ಟು ಹಾಕಿದಳು, ಆಮೇಲೆ ಪುಟಾಣಿಯ ಮೂಗು ಒರೆಸಿದಳು. ಅಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಂಡಳು ಚಿಕ್ಕಮ್ಮ.

ಮರುದಿನ ಬೆಳಿಗ್ಗೆ ದೊಡ್ಡ ರಸ್ತೆಯಲ್ಲಿ ಕನ್ನಡಿ ನೋಡಿದರೆ ನಡುವಿನ ಸೀಟಿನಲ್ಲಿ ಮಗಳ ತಲೆ ಇಲ್ಲ. ಕತ್ತು ತಿರುಗಿಸಿ ನೋಡಿದರೆ ಹುಡುಗಿ ಬೆಲ್ಟಿನಡಿ ಜಾರಿ, ಮೊಣಕಾಲಿಗೆ ಗದ್ದ ತಾಗಿಸಿ ಕೂತಿದ್ದಾಳೆ. ಪಕ್ಕದಲ್ಲಿ ತೆರಿಗೆ ಆಫೀಸಿನ ಉದ್ದನೆಯ ಗೋಡೆ ಹಾದುಹೋಗುತ್ತಿತ್ತು. ಗೋಡೆ ಮುಗಿದ ಮೇಲೆ ತಲೆ ಮೆಲ್ಲಗೆ ಮೇಲೆ ಬಂತು. ವಾಪಸು ಬರುವಾಗ ಮತ್ತೆ ಅದೇ ಕತೆ.

ಆಗ ಚಿಕ್ಕಮ್ಮನ ಭಯ ಹೋಯಿತು. ಎಲ್ಲಿಗೆ ಹೋಯಿತೋ ಅವಳಿಗೂ ಗೊತ್ತಿಲ್ಲ. ಅಮ್ಮ ದುಡಿದು ಓಡಿಸುವ ಕಾರಿನಲ್ಲಿ ಮಗಳು ಕಳ್ಳಿಯ ಹಾಗೆ ಕೂರಬೇಕೆಂದರೆ ಆ ದುಡಿಮೆಗೆ ಏನು ಅರ್ಥ? ಇಬ್ಬರನ್ನೂ ಶಾಲೆಗೆ ಬಿಟ್ಟವಳು ಮನೆಗೆ ಹೋಗಲಿಲ್ಲ. ಪುಟಾಣಿಯನ್ನು ಸೊಂಟಕ್ಕೇರಿಸಿಕೊಂಡು ನೇರ ಆಫೀಸಿನೊಳಗೆ ನಡೆದಳು.

ಅಧಿಕಾರಿ ಕೆಟ್ಟ ಮನುಷ್ಯನಲ್ಲ. ಮೇಜಿನ ಎರಡೂ ಕಡೆ ಫೈಲುಗಳ ರಾಶಿ, ನಡುವೆ ಮುಖ ಕಾಣುವಷ್ಟು ಸಂದಿ. ಆ ಸಂದಿಯಿಂದ ಪುಟಾಣಿಯನ್ನು ಅನುಮಾನದಿಂದ ನೋಡುತ್ತಾ ಕೇಳಿದರು:

"ನಿಮ್ಮ ಮಗಳು ಇದೇ ಕಾರಲ್ಲಿ ಶಾಲೆಗೆ ಹೋಗೋದು ನಿಜಾನಾ?"

"ನಿಜ ಸರ್. ಇವತ್ತೂ ಹೋದ್ಲು, ನಾಳೆನೂ ಹೋಗ್ತಾಳೆ."

ನೆಪ ಕೇಳುವುದಕ್ಕೆ ಸಿದ್ಧರಾಗಿದ್ದ ಅಧಿಕಾರಿ ಹಾಳೆಯನ್ನು ಮತ್ತೊಮ್ಮೆ ನೋಡಿದರು. "ಅಂದ್ರೆ, ಮಗಳನ್ನ ಬಿಡೋಕೆ ಹೋಗೋವಾಗ ಬೇರೆ ಮಕ್ಕಳನ್ನೂ ಕರ್ಕೊಂಡು ಹೋಗ್ತೀರಿ."

"ತಲೆಕೆಳಗು ಮಾಡಿ ಹೇಳ್ತಿದೀರಿ. ಅವಳೊಬ್ಬಳೇ ಆಗಿದ್ರೆ ನಾನು ಬೀಗದಕೈ ಮುಟ್ಟೋದೇ ಇಲ್ಲ, ಪಾರ್ಕು ದಾಟಿದ್ರೆ ಅವಳ ಶಾಲೆ. ಕಾರು ಹೊರಡೋದು ಈ ಮಕ್ಕಳಿಗೆ. ಬಸ್ಸು ಓಡಿಸೋನು ತನ್ನ ಮಗನ್ನ ಹತ್ತಿಸ್ಕೊಂಡ್ರೆ ಅದು ಅವನ ಮನೆ ಬಸ್ಸಾಗುತ್ತಾ?"

ಅಧಿಕಾರಿ ನಿಟ್ಟುಸಿರು ಬಿಟ್ಟು ದನಿ ತಗ್ಗಿಸಿದರು. "ನೋಡಿಯಮ್ಮ, ನನಗೂ ಕೆಲಸ ಇದೆ, ನಿಮಗೂ ಇದೆ. ಆ ಒಂದು ಹೆಸರು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿ. ಇಲ್ಲಿಗೆ ಮುಗಿಸ್ತೀನಿ." ಪೆನ್ನನ್ನೂ ಅವರೇ ಮುಂದೆ ತಳ್ಳಿದರು.

ಪೆನ್ನು ಅಲ್ಲೇ ಇತ್ತು. ಒಂದು ಗೆರೆ ಎಳೆದರೆ ಕಾರು ಉಳಿಯುತ್ತದೆ, ಮನೆ ಉಳಿಯುತ್ತದೆ, ಭಾವ ಬೆನ್ನು ತಟ್ಟುತ್ತಾರೆ. ಪುಟಾಣಿ ಆಸೆಯಿಂದ ಕೈ ಚಾಚಿತು. ಚಿಕ್ಕಮ್ಮ ಅದರ ಕೈಯನ್ನು ಹಿಡಿದುಕೊಂಡಳು.

"ಹೊಡೆಯಲ್ಲ ಸರ್."

"ಯಾಕೆ?"

"ಅವಳು ಕೂರ್ತಾಳಲ್ಲ."

"ಹಾಗಾದ್ರೆ ನಾಲ್ಕು ಮಕ್ಕಳಲ್ಲಿ ಅವಳ ಒಂದು ಪಾಲು ಖರ್ಚನ್ನ ನಾನು ಕಡೀಬೇಕಾಗುತ್ತೆ."

"ಕಡೀರಿ. ಆದ್ರೆ ಯಾಕೆ ಅಂತ ಬರೆದುಕೊಡಿ. ಅವಳು ಕೂತಿದ್ದಕ್ಕೆ ಎಷ್ಟು ಪೆಟ್ರೋಲ್ ಜಾಸ್ತಿ ಆಯ್ತು ಅಂತ. ಅದನ್ನ ತಗೊಂಡು ನಿಮ್ಮ ಮೇಲಿನವರ ಹತ್ರ ಹೋಗ್ತೀನಿ, ಅವರ ಮೇಲಿನವರ ಹತ್ರಾನೂ ಹೋಗ್ತೀನಿ. ಅವಳಿಲ್ಲದೆ ಒಂದು ದಿನ ಓಡಿಸಿ ನೋಡಿದೀನಿ ನಾನು. ನಿಮ್ಮ ಕಾಗದಕ್ಕೆ ಹೆದರ್ಕೊಂಡು ಹೆತ್ತ ಮಗೂನ ರಸ್ತೆಲಿ ನಡೆಸಿದೆ." ಪುಟಾಣಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. "ಕಾರು ಅದೇ ಗೇಟು ದಾಟಿತು, ಅಷ್ಟೇ ಪೆಟ್ರೋಲ್ ಕುಡೀತು. ಯಾರಿಗೂ ಏನೂ ಉಳೀಲಿಲ್ಲ ಸರ್. ನಾಚಿಕೆ ಒಂದು ಉಳೀತು, ಅದು ನಂದು."

ಅಧಿಕಾರಿ ಪೆನ್ನನ್ನು ವಾಪಸು ಎಳೆದುಕೊಂಡರು. ಬಹಳ ಹೊತ್ತು ಹಾಳೆ ತಿರುವಿದರು. ಏನೋ ಬರೆದರು, ಹೊಡೆದರು, ಮತ್ತೆ ಬರೆದರು. ಕೊನೆಗೆ, "ಶಾಲೆ ಓಡಾಟ ಪೂರ್ತಿ ಒಪ್ಪಿದೀನಿ," ಎಂದರು. ಹಾಗೆಂದವರ ಬೆರಳು ಒಂದು ಸಾಲಿನ ಮೇಲೆ ನಿಂತುಬಿಟ್ಟಿತು. "ಇದೇನು, ಶಾಲೆಗೆ ರಜೆ ಇದ್ದಾಗ ಮೂರು ಸಲ ಶಾಲೆಗೆ ಹೋಗಿದೀರಿ?"

ಚಿಕ್ಕಮ್ಮ ಬಗ್ಗಿ ನೋಡಿದಳು. ಅವಳ ಲೆಕ್ಕದಲ್ಲಿ ಇಲ್ಲದ ಮೂರು ಸಾಲುಗಳು, ನಕಲು ಮಾಡುವಾಗ ಗುಂಡಗಿನ ಅಕ್ಷರದಲ್ಲಿ ಸೇರಿಕೊಂಡಿದ್ದವು. ರಜೆಯಲ್ಲಿ ಆ ಮೂರು ದಿನ ಕಾರು ಹೋದದ್ದು ಎಲ್ಲಿಗೆ ಎಂದು ಅವಳಿಗೆ ಚೆನ್ನಾಗಿ ನೆನಪಿತ್ತು. ಕರವಸ್ತ್ರ ಹಾಸಿಕೊಂಡು, ಕೆನ್ನೆ ಹಿಡಿದುಕೊಂಡು ಕೂತವರ ನರಳಾಟವೂ ನೆನಪಿತ್ತು.

"ಅದು ಶಾಲೆಯಲ್ಲ ಸರ್, ನಮ್ಮ ಭಾವನ ಹಲ್ಲು. ಹಲ್ಲಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ದೆ. ಅದನ್ನ ಧಾರಾಳವಾಗಿ ಕಡೀರಿ."

ಸಂಜೆ ಭಾವ ಮೆಟ್ಟಿಲ ಮೇಲೇ ಕಾದು ನಿಂತಿದ್ದರು. "ಏನಾಯ್ತು? ಏನಾದ್ರೂ ಕಡಿದ್ರಾ?"

"ಕಡಿದ್ರು ಭಾವ. ನಿಮ್ಮ ಹಲ್ಲು."

ಭಾವ ಕೆನ್ನೆ ಹಿಡಿದುಕೊಂಡು ಮಹಡಿ ಹತ್ತಿದರು. ಊಟಕ್ಕೆ ಕೂತಾಗ ಚಿಕ್ಕಮ್ಮ ಎಲ್ಲರೆದುರು ಮಗಳಿಗೆ ಹೇಳಿದಳು, ಎಲ್ಲ ಸರಿಹೋಗಿದೆ, ಇನ್ನು ಯಾರಿಗೂ ಹೆದರಬೇಕಾಗಿಲ್ಲ ಎಂದು. ಮಗಳು ತಲೆಯಾಡಿಸಿದಳು.

ಮಾರನೆಯ ಬೆಳಿಗ್ಗೆ ದೊಡ್ಡ ರಸ್ತೆ. ಆಫೀಸಿನ ಗೋಡೆ ಶುರುವಾಯಿತು. ಕನ್ನಡಿಯಲ್ಲಿ ಮಗಳ ತಲೆ ಮೆಲ್ಲಗೆ ಕೆಳಕ್ಕೆ ಜಾರತೊಡಗಿತು. ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು, ಮೈಗೆ ಇನ್ನೂ ಬಿದ್ದಿರಲಿಲ್ಲ.

ಚಿಕ್ಕಮ್ಮ ಆಫೀಸಿನ ಗೇಟಿನ ಎದುರಿಗೇ ಬ್ರೇಕು ಹಾಕಿದಳು. ಒಳಗೆ ಹೋಗುತ್ತಿದ್ದ ಗುಮಾಸ್ತರು ಕಾರಿನೊಳಗೆ ಇಣುಕಿದರು. ಕಾವಲಿನವನು ಸೀಟಿ ಊದುತ್ತಾ ಬಂದ.

"ಎದ್ದು ಸರಿಯಾಗಿ ಕೂತ್ಕೊ," ಎಂದಳು ಚಿಕ್ಕಮ್ಮ.

"ಅವರೆಲ್ಲ ನೋಡ್ತಿದಾರೆ ಅಮ್ಮ."

"ನೋಡ್ಲಿ ಅಂತಾನೇ ನಿಲ್ಲಿಸಿರೋದು."

"ಚಿಕ್ಕಮ್ಮ, ನಾವು ಯಾಕೆ ಇಲ್ಲಿ ನಿಂತಿದೀವಿ?" ಎಂದು ಪ್ರಶ್ನೆ ಕೇಳಿದ.

ಕಾವಲಿನವನು ಬಾನೆಟ್ಟಿಗೆ ಕೈ ಬಡಿದ, ಹಿಂದಿನ ವಾಹನಗಳು ಹಾರ್ನು ಹೊಡೆದವು. ಮಗಳ ತಲೆ ಕನ್ನಡಿಯಲ್ಲಿ ಪೂರ್ತಿ ಕಾಣುವವರೆಗೂ ಚಿಕ್ಕಮ್ಮ ಗೇರು ಹಾಕಲಿಲ್ಲ.