ಜಿನ್ನವ್ವನ ಮನಿಸಾಲಿ
ಕೊಣ್ಣೂರಿನ ಜಿನ್ನವ್ವ ಮಗಳು ಮಯೂರಿಯನ್ನು ಸಾಲಿ ಬಿಡಿಸಿ ಮನೆಯಲ್ಲೇ ಕಲಿಸಿದಾಕೆ. ರೊಟ್ಟಿ ಬಡಿಯುತ್ತ ಪಾಠ ಒಪ್ಪಿಸಿಕೊಳ್ಳುವಳು. ಮಗಳು ಎಷ್ಟು ಚಂದ ಹೇಳಿದರೂ ತಾಯಿಯದು ಒಂದೇ ಮಾತು: "ತಿಳೀಲಿಲ್ಲವ್ವಾ, ಮತ್ತ ಹೇಳು." ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರ ಮನೆ ಅದು, ಆದರೂ ತಾಯಿ ತಲೆದೂಗುವ ತನಕ ಇಬ್ಬರಿಗೂ ತಾಟಿಲ್ಲ. ಎಷ್ಟೋ ದಿನ ಉಪವಾಸವೇ ಮಲಗಿದರು. ಸ್ವಂತ ಓದಿ ಶಾಣ್ಯಾ ಅನ್ನಿಸಿಕೊಂಡ, ನೆರೆಮನೆಯ ನಾನೂ ಆ ಬಿಗಿ ಶಿಕ್ಷಕಿಯ ಮುಂದೆ ಬಾಯಿ ಬಿಡಲು ಅಂಜುತ್ತಿದ್ದೆ. ಸಾವಿರಕ್ಕೆ ಹತ್ತು ಮಂದಿಯನ್ನೂ ತಗೊಳ್ಳದ ಮುಂಬಯಿಯ ವಿದ್ಯಾಪೀಠವೊಂದರ ಪ್ರವೇಶ ಪರೀಕ್ಷೆಯನ್ನು ಮಯೂರಿ ಗೆದ್ದಳು. ಅರ್ಜಿಗೆ ಕಲಿಸಿದವರ ಸಹಿ ಬೇಕು, ಇಲ್ಲದಿದ್ದರೆ ಸೀಟಿಲ್ಲ. ನಾನು ಪೆನ್ನು ಚಾಚಿದೆ. "ಕಾಕಾ, ಹೆಬ್ಬೆಟ್ಟಿಗೆ ಶಾಯಿ ಹಚ್ಚರಿ," ಎಂದಳು ಜಿನ್ನವ್ವ. ಪೆನ್ನು ಕಿಸೆಗಿಟ್ಟು ಶಾಯಿ ತಂದೆ. ಅಷ್ಟೂ ವರ್ಷ ಆಕೆ ತಿಳೀಲಿಲ್ಲ ಎಂದದ್ದೂ ಖರೆ, ತಿಳಿದ ಮೇಲಷ್ಟೇ ತಲೆದೂಗಿದ್ದೂ ಖರೆ.