ಅಡ್ಡಿಲ್ಲೆಯ ಶ್ರುತಿ

ಯಲ್ಲಾಪುರದ ಹತ್ತಿರದ ಒಂದು ವಸತಿ ಶಾಲೆಯವರು ಸಂಗೀತ ಶಿಕ್ಷಕಿಯಾಗಿ ಬರುತ್ತೀರಾ ಎಂದು ಕೇಳಿದಾಗ ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಫೋನಿನಲ್ಲಿ "ಅಡ್ಡಿಲ್ಲ" ಎಂದೆ. ಮುಂದಿನ ರಗಳೆಗೆಲ್ಲ ಅದೇ ಮೂಲ.

ಫೋನು ಮಾಡಿದ ಮುಖ್ಯೋಪಾಧ್ಯಾಯಿನಿ ಮೈಸೂರು ಕಡೆಯವರು. ಅವರ ಊರಲ್ಲಿ ಅಡ್ಡಿಯಿಲ್ಲ ಎಂದರೆ ಒಪ್ಪಿಗೆ. ನಮ್ಮ ಮನೆಮಾತಿನಲ್ಲಿ ಅದು "ಅಡ್ಡಿಲ್ಲೆ", ಅದಕ್ಕೆ ಇಂಥದೇ ಅರ್ಥ ಅಂತಿಲ್ಲ. ಊಟ ರುಚಿಯಾದರೂ ಅಡ್ಡಿಲ್ಲೆ, ಸಪ್ಪೆಯಾದರೂ ಅಡ್ಡಿಲ್ಲೆ. ಬರುತ್ತೇನೆ ಎನ್ನುವುದಕ್ಕೂ, ಬರುವ ಮನಸ್ಸಿಲ್ಲ ಆದರೆ ನಿಮ್ಮ ಮುಖಕ್ಕೆ ಹೊಡೆದಂತೆ ಹೇಳಲಾರೆ ಎನ್ನುವುದಕ್ಕೂ ಅದೇ ಸಾಕು. ನಾನು ಅಂದದ್ದು "ವಿಚಾರ ಕೆಟ್ಟದ್ದೇನಲ್ಲ, ನೋಡೋಣ" ಎಂಬ ಅರ್ಥದಲ್ಲಿ. ಒಂದೆರಡು ದಿನ ಬಿಟ್ಟು ಅವರೇ ಮತ್ತೆ ಫೋನು ಮಾಡಿದರು. "ಮೇಡಂ, ಟೈಂಟೇಬಲ್‌ನಲ್ಲಿ ನಿಮ್ಮ ಹೆಸರು ಹಾಕಿಬಿಟ್ಟಿದ್ದೀವಿ. ಸೋಮವಾರ ಬಂದು ಆರ್ಡರ್ ತಗೊಂಡು ಹೋಗಿ. ಒಂದೇ ಮಾತು, ಶಾಲೆ ನಡೆಯೋವಾಗ ಹೊರಗಿನ ಕಾರ್ಯಕ್ರಮ ಒಪ್ಕೊಳ್ಳೋ ಹಾಗಿಲ್ಲ. ಕ್ವಾರ್ಟರ್ಸ್‌ನಲ್ಲೇ ಇರಬೇಕು, ಭಾನುವಾರಾನೂ ಮಕ್ಕಳು ಇರ್ತಾರಲ್ಲ."

ಹೊರಗಿನ ಕಾರ್ಯಕ್ರಮವೇ ನನ್ನ ಬದುಕು ಎಂದು ಅವರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಸರಿ ಮೇಡಂ ಎಂದು ಫೋನಿಟ್ಟು, ಅಡುಗೆಮನೆಗೆ ಹೋಗಿ, ಯಾಕೆ ಬಂದೆ ಎಂದು ಮರೆತು ನಿಂತೆ.

ನಾನು ಹಾರ್ಮೋನಿಯಂ ಸಾಥ್ ಮಾಡುವವಳು. ಗಾಯಕರ ಪಕ್ಕದಲ್ಲಿ ಕೂತು, ಅವರು ಹಾಡಿದ್ದನ್ನು ಅವರ ಹಿಂದೆಯೇ ನುಡಿಸುವ ಕೆಲಸ. ಹಿಂದೆಯೇ ಎಂಬಲ್ಲಿ ಎಲ್ಲವೂ ಇದೆ. ತೀರ ತಡವಾದರೆ ಬಾಲ ಎಳೆದಂತೆ ಕೇಳುತ್ತದೆ. ಮುಂದೆ ಹೋದರೆ ಗಾಯಕರಿಗೆ ದಾರಿ ತೋರಿಸಿದ ಹಾಗಾಗುತ್ತದೆ, ಅದಕ್ಕಿಂತ ದೊಡ್ಡ ಉದ್ಧಟತನ ನಮ್ಮ ಕಸುಬಿನಲ್ಲಿಲ್ಲ. ಅವರ ಬಾಯಿಂದ ಸ್ವರ ಹೊರಟ ಮೇಲೆ, ಕೇಳುವವರಿಗೆ ತಿಳಿಯದಷ್ಟು ಹಿಂದೆ, ನನ್ನ ಬೆರಳು ಅಲ್ಲಿರಬೇಕು. ಇಪ್ಪತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ, ಅದೂ ಬಹುಪಾಲು ಒಬ್ಬರ ಪಕ್ಕದಲ್ಲೇ. ಸಿದ್ದಾಪುರದಲ್ಲಿರುವ ನನ್ನ ಗುರುಗಳ ಪಕ್ಕದಲ್ಲಿ.

ಈ ಕೆಲಸ ಬೆರಳಿಗಷ್ಟೇ ಅಂಟಿದ್ದರೆ ಚಿಂತೆಯಿರಲಿಲ್ಲ. ಹೋಟೆಲಿಗೆ ಹೋದರೆ ಎಲ್ಲರೂ ಹೇಳಿ ಮುಗಿಸುವವರೆಗೆ ಕಾದು "ನಂಗೂ ಅದೇ" ಎನ್ನುವವಳು ನಾನು. ಮದುವೆಯೂ ಹೆಚ್ಚು ಕಡಿಮೆ ಹಾಗೆಯೇ ಆದದ್ದು. ನಮ್ಮ ಜೊತೆ ತಬಲಾ ನುಡಿಸುವ ದಾಸನಕೊಪ್ಪದ ಗೆಳೆಯ ಒಮ್ಮೆ ಬಸ್‌ಸ್ಟ್ಯಾಂಡಿನ ಹೋಟೆಲಲ್ಲಿ ಬೇಕೆಂದೇ ಏನೂ ಹೇಳದೆ ಕೂತ. ನಾನೂ ಕೂತೆ. ಮಾಣಿ ಎರಡು ಸಲ ಬಂದು ಹೋದ. "ನೋಡ್ರಿ ಅಕ್ಕಾರ, ಇವತ್ತ ಇಬ್ರೂ ಉಪವಾಸ," ಎಂದು ಅವನು ನಕ್ಕ. ನನಗೆ ನಗು ಬರಲಿಲ್ಲ. ಹೊಟ್ಟೆ ಹಸಿದಿತ್ತು.

ಇಂಥವಳಿಗೆ ಸೋಮವಾರದೊಳಗೆ ನಿರ್ಧಾರ ಮಾಡು ಎಂದರೆ ಹೇಗೆ? ಶಾಲೆಗೆ ಹೋದರೆ ಗುರುಗಳ ಸಾಥ್ ಬಿಟ್ಟಂತೆಯೇ. ಹೋಗದಿದ್ದರೆ ನನ್ನ ವಯಸ್ಸಿನವಳಿಗೆ ಖಾಯಂ ಕೆಲಸ ಇನ್ನೊಮ್ಮೆ ಹುಡುಕಿಕೊಂಡು ಬರುವುದಿಲ್ಲ. ಶಿರಸಿ ಪಕ್ಕದ ಇಸಳೂರಿನ ನಮ್ಮ ಮನೆಯ ಹಿತ್ತಿಲಲ್ಲಿ ಬಟ್ಟೆ ಹರವುತ್ತ ಹೋಗುವುದೆಂದು ಗಟ್ಟಿ ಮಾಡುತ್ತಿದ್ದೆ. ಒಣಗಿದ ಬಟ್ಟೆ ತೆಗೆಯುವ ಹೊತ್ತಿಗೆ ಬೇಡವೆಂದು ಗಟ್ಟಿಯಾಗಿರುತ್ತಿತ್ತು. ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಕಾರ್ಯಕ್ರಮ ಮುಗಿದ ಮೇಲೆ ಯಾರಾದರೂ ಬಂದು "ನೀವು ಹಾಡೂದಿಲ್ವ?" ಎಂದು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಅವರ ಮೇಲೋ ನನ್ನ ಮೇಲೋ ತಿಳಿಯುತ್ತಿರಲಿಲ್ಲ. ಶಾಲೆಯಲ್ಲಾದರೆ ನಾನೇ ಹಾಡಬೇಕು, ಮಕ್ಕಳು ಹಿಂದೆ ಬರಬೇಕು. ಅದನ್ನು ನೆನೆದರೆ ಖುಷಿಯಾಗಿ, ಮರುಗಳಿಗೆ ಬೇಡಪ್ಪ ಎನ್ನಿಸುತ್ತಿತ್ತು.

ನನ್ನ ಗಂಡ ಶಿರಸಿಯ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಲಾರಿ ಬುಕಿಂಗ್ ನೋಡಿಕೊಳ್ಳುತ್ತಾನೆ. ಅವನನ್ನು ಕೇಳಿದೆ.

"ನಿನ್ನ ಖುಷಿ. ಆನು ಎಂತ ಹೇಳದು?" ಎಂದ.

"ಎನ್ನ ಖುಷಿ ಎಂತದು ಹೇಳಿ ಗೊತ್ತಿದ್ರೆ ನಿಮ್ಮನ್ನ ಎಂತಕ್ಕೆ ಕೇಳ್ತಿದ್ದೆ?" ಎಂದು ರೇಗಿದೆ. ಅವನು ಬೈಕಿನ ಕೀಲಿ ತೆಗೆದುಕೊಂಡು ಹಾಲು ತರಲು ಹೋದ. ಮನೆಯಲ್ಲಿ ಹಾಲಿತ್ತು.

ಶುಕ್ರವಾರ ಬೆಳಿಗ್ಗೆ ಬಸ್ಸು ಹತ್ತಿ ಸಿದ್ದಾಪುರಕ್ಕೆ ಹೋದೆ. ಗುರುಗಳು ಹೇಳಿಬಿಟ್ಟರೆ ಸಾಕು. ಹೋಗು ಎಂದರೆ ಹೋಗುವುದು, ಬೇಡ ಎಂದರೆ ಬಿಡುವುದು. ದಾರಿಯುದ್ದಕ್ಕೂ ಎಷ್ಟು ಹಗುರಾಗಿದ್ದೆ ಎಂದರೆ ಕಿಟಕಿಯ ಪಕ್ಕ ಕೂತು ಸಣ್ಣಗೆ ಹಾಡಿಕೊಂಡೆ. ಪಕ್ಕದ ಹೆಂಗಸು ತಿರುಗಿ ನೋಡಿದಳು.

ಗುರುಗಳಿಗೆ ಎಪ್ಪತ್ತು ದಾಟಿದೆ. ಮೊಣಕಾಲು ಕೈಕೊಟ್ಟಿದೆ, ಕುರ್ಚಿಯ ಮೇಲೆ ಕೂತೇ ಹಾಡುತ್ತಾರೆ. ಮೊದಲು ಅವರ ಷಡ್ಜ, ಹಾಡಿಗೆ ಆಧಾರದ ಸಾ, ಹಾರ್ಮೋನಿಯಂನ ಎರಡನೆಯ ಕಪ್ಪು ಮನೆಯಲ್ಲಿತ್ತು. ಈಚೆಗೆ ಮೊದಲನೆಯ ಕಪ್ಪು ಮನೆಗೆ ಇಳಿಸಿದ್ದರು. ಶ್ರುತಿ ಇಳಿಸುವುದೆಂದರೆ ಗಾಯಕರಿಗೆ ವಯಸ್ಸನ್ನು ಎಲ್ಲರೆದುರು ಒಪ್ಪಿಕೊಂಡ ಹಾಗೆ. ಅವರು ಆ ವಿಷಯ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಒಂದು ದಿನ ಅವರು ಕೆಳಗೆ ಹಿಡಿದರು, ನಾನು ಕೆಳಗೆ ನುಡಿಸಿದೆ.

ಅಭ್ಯಾಸ ಮುಗಿದ ಮೇಲೆ ಎಲ್ಲವನ್ನೂ ಹೇಳಿದೆ. ಕ್ವಾರ್ಟರ್ಸ್, ಭಾನುವಾರ, ಹೊರಗಿನ ಕಾರ್ಯಕ್ರಮದ ಮಾತು. ಅವರು ಕಣ್ಣು ಮುಚ್ಚಿ ಕೇಳಿದರು.

"ಅಡ್ಡಿಲ್ಲೆ," ಎಂದರು.

ನಾನು ಕಾದೆ. ಮುಂದೆ ಏನೋ ಬರುತ್ತದೆ, ಅದರ ಹಿಂದೆ ನಾನು ಹೋಗುತ್ತೇನೆ.

"ಕಷಾಯ ಕುಡ್ಕಂಡು ಹೋಗು ತಂಗಿ," ಎಂದರು. ಅಷ್ಟೇ.

ವಾಪಸು ಬರುವಾಗ ಬಸ್ಸಿನಲ್ಲಿ ಹಾಡಲಿಲ್ಲ. ಯಾವ ಅಡ್ಡಿಲ್ಲೆ ಅದು? ಅವರ ಬಾಯಿಂದ ನಾನು ಹಲವು ಕೇಳಿದ್ದೇನೆ. ಅವರ ಪಕ್ಕ ಕೂತು ಮೊದಲ ಕಛೇರಿ ನುಡಿಸಿದ ದಿನ ಅಡ್ಡಿಲ್ಲೆ ಎಂದಿದ್ದರು, ವಾರವಿಡೀ ನನ್ನ ಕಾಲು ನೆಲದ ಮೇಲಿರಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಅವರ ಜಗಲಿಯ ದೀಪ ಸರಿ ಮಾಡಲು ಹೋಗಿ ಇಡೀ ಮನೆಯ ಕರೆಂಟು ತೆಗೆದಾಗಲೂ ಅವನ ಬೆನ್ನು ತಟ್ಟಿ ಅಡ್ಡಿಲ್ಲೆ ಎಂದಿದ್ದರು. ಇನ್ನೊಂದಿದೆ. ಒಮ್ಮೆ ಸಭಾಭವನದ ಮೆಟ್ಟಿಲು ಹತ್ತಲಾಗದೆ ಅರ್ಧದಲ್ಲಿ ಗೋಡೆ ಹಿಡಿದು ನಿಂತರು. ನೋವಾ ಎಂದು ಕೇಳಿದೆ. ಮುಖ ಆಚೆ ತಿರುಗಿಸಿ, ಕೊನೆಯ ಅಕ್ಷರ ಉಸಿರಿನೊಳಗೇ ಇಳಿದು ಹೋಗುವಂತೆ, ಅಡ್ಡಿಲ್ಲೆ ಎಂದರು. ಆ ದಿನ ಎರಡು ಗಂಟೆ ಹಾಡಿದರು.

ಮನೆಗೆ ಬಂದವಳೇ ಹಾರ್ಮೋನಿಯಂ ತೆಗೆದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಮಾಡಿದ್ದು ಹೌದು. ಅವರು ಆ ಮಾತನ್ನು ಯಾವ ಸ್ವರದಲ್ಲಿ ಆಡಿದರು ಎಂದು ಹುಡುಕಲು ಕೂತೆ. ಅಡ್ ಎಂಬಲ್ಲಿ ಷಡ್ಜ, ಅದು ಖಾತ್ರಿ. ಡಿಲ್ ಎಂಬಲ್ಲಿ ಸ್ವಲ್ಪ ಮೇಲೆ. ಲೆ ಎಲ್ಲಿ ಬಿತ್ತು? ರಿಷಭದಲ್ಲೇ ನಿಂತಿದ್ದರೆ ಹೋಗು ಎಂಬ ಅರ್ಥ, ಮನಸ್ಸು ತೆರೆದೇ ಇದೆ. ಕೆಳಗಿನ ನಿಷಾದಕ್ಕೆ ಇಳಿದಿದ್ದರೆ ಅದು ಬೇರೆ. ನುಡಿಸಿದೆ, ಬಾಯಲ್ಲಿ ಹೇಳಿದೆ, ಮತ್ತೆ ನುಡಿಸಿದೆ. ಅಷ್ಟು ವರ್ಷ ಅವರ ಒಂದೊಂದು ಸ್ವರವನ್ನೂ ಹಿಡಿದವಳಿಗೆ ಮೂರು ಅಕ್ಷರ ಹಿಡಿಯಲಾಗಲಿಲ್ಲ.

ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ಅದೆಂತ ರಾಗನೆ?"

"ಅಡ್ಡಿಲ್ಲೆ ರಾಗ," ಎಂದೆ.

"ಅಡ್ಡಿಲ್ಲೆ," ಎಂದ ಅವನು, ಚೆನ್ನಾಗಿದೆ ಎಂಬ ಅರ್ಥದಲ್ಲಿ. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ತಬಲಾದ ಗೆಳೆಯನಿಗೆ ಫೋನು ಮಾಡಿದೆ. ಅವನ ಮಾತಿನಲ್ಲಿ ಇಂಥ ತಾಪತ್ರಯವಿಲ್ಲ. "ಅಡ್ಡಿ ಇಲ್ಲ ಅಂದ್ರ ಅಡ್ಡಿ ಇಲ್ಲ ಅಕ್ಕಾರ. ಅದ್ರಾಗ ತಿಳ್ಕೊಳ್ಳಾಕ ಏನೈತ್ರಿ? ಚಲೋ ನೌಕ್ರಿ, ಹೋಗ್ರಿ." ಸರಿ, ಮುಗಿಯಿತು ಅಂದುಕೊಂಡೆ. ಸ್ವಲ್ಪ ಹೊತ್ತು ಬಿಟ್ಟು ಅವನೇ ಕೇಳಿದ, "ಆದ್ರ ನೀವು ಹೋದ್ರ ಗುರುಗಳಿಗೆ ಹಾರ್ಮೋನಿಯಂ ಪೇಟಿ ಹಿಡಿಯಾವ್ರು ಯಾರ್ರಿ?" ಅಲ್ಲಿಗೆ ಮತ್ತೆ ಹೊರಟಲ್ಲಿಗೇ ಬಂದು ನಿಂತೆ.

ಭಾನುವಾರ ಸಂಜೆ ಶಿರಸಿಯಲ್ಲಿ ಒಬ್ಬ ರಸಿಕರ ಮನೆಯ ಮಹಡಿಯ ಮೇಲೆ ಗುರುಗಳ ಬೈಠಕ್ ಇತ್ತು. ಆಪ್ತರಷ್ಟೇ ಸೇರಿದ್ದರು, ಗುರುಗಳನ್ನು ಇಬ್ಬರು ತೋಳು ಹಿಡಿದು ಮೇಲೆ ಹತ್ತಿಸಿದ್ದರು. ನಾನು ಯಾವಾಗಿನಂತೆ ಎಡಕ್ಕೆ ಕೂತೆ, ತಬಲಾ ಬಲಕ್ಕೆ. ಆಲಾಪ ಚೆನ್ನಾಗಿಯೇ ಹೊರಟಿತು. ಮಧ್ಯಸಪ್ತಕ ಮುಗಿಸಿ ಮೇಲಿನ ಷಡ್ಜದ ಹತ್ತಿರ ಬಂದರು. ಅದಕ್ಕೆ ಒಂದೇ ಮೆಟ್ಟಿಲು ಕೆಳಗಿನ ನಿಷಾದದ ಮೇಲೆ ತುಂಬ ಹೊತ್ತು ನಿಂತರು. ಕೇಳುವವರು ಅದು ಸೊಗಸಿಗೆ ಎಂದು ತಲೆದೂಗಿದರು. ನನಗೆ ಗೊತ್ತಾಯಿತು, ಅದು ಸೊಗಸಲ್ಲ, ಹೆದರಿಕೆ. ಒಮ್ಮೆ ಹತ್ತಲು ಹೋಗಿ ಹಿಂದೆ ಬಂದರು. ಗಂಟಲಿನ ನರ ಉಬ್ಬಿತ್ತು.

ನನ್ನ ಬೆರಳು ಮೇಲಿನ ಷಡ್ಜವನ್ನು ಒತ್ತಿತು. ಅವರಿನ್ನೂ ಹಾಡಿರಲಿಲ್ಲ. ನಾನು ಯೋಚಿಸಿ ಮಾಡಿದ್ದಲ್ಲ. ಸ್ವರ ತುಂಬಿ ನಿಂತಿತು, ಅವರು ಅದರೊಳಗೆ ಬಂದು ಸೇರಿದರು. ದನಿ ಅರ್ಧ ಒಡೆದಿತ್ತು, ಹಾರ್ಮೋನಿಯಂ ಅದನ್ನು ಮುಚ್ಚಿತು. ಯಾರೋ "ವಾಹ್" ಎಂದರು. ತಬಲಾದ ಗೆಳೆಯ ಮಾತ್ರ ತಲೆಯೆತ್ತಿ ನನ್ನನ್ನು ನೋಡಿದ. ಆಮೇಲೆ ಕಛೇರಿ ಮುಗಿಯುವವರೆಗೂ ನಾನು ಒಂದು ಸ್ವರವನ್ನೂ ಅವರಿಗಿಂತ ಮೊದಲು ಮುಟ್ಟಲಿಲ್ಲ.

ಎಲ್ಲರೂ ಅವಲಕ್ಕಿ ತಿನ್ನಲು ಕೆಳಗಿಳಿದರು. ಗುರುಗಳು ಕುರ್ಚಿಯಲ್ಲೇ ಉಳಿದರು, ನಾನು ಹಾರ್ಮೋನಿಯಂಗೆ ಬಟ್ಟೆ ಸುತ್ತುತ್ತಿದ್ದೆ.

"ಇವತ್ತು ಎನ್ನ ಹಾಡು ಹ್ಯಾಂಗಾಗಿತ್ತು ತಂಗಿ?" ಎಂದು ಕೇಳಿದರು. ಇಷ್ಟು ವರ್ಷದಲ್ಲಿ ನನ್ನನ್ನು ಅವರು ಹಾಗೆ ಕೇಳಿದ್ದೇ ಇಲ್ಲ.

ಏನು ಹೇಳಲಿ? ದನಿ ಒಡೆಯಿತು ಎನ್ನಲೇ? ಚೆನ್ನಾಗಿತ್ತು ಎಂದು ಅವರೆದುರೇ ಸುಳ್ಳು ಹೇಳಲೇ? ನಿಮ್ಮನ್ನು ಬಿಟ್ಟು ಹೋಗುವುದಿಲ್ಲ ಎನ್ನಲೇ, ಅಥವಾ ಇದನ್ನು ನೋಡುತ್ತ ಪಕ್ಕದಲ್ಲಿ ಕೂರಲು ನನ್ನಿಂದಾಗದು ಎನ್ನಲೇ? ಎಲ್ಲವೂ ನಿಜವೇ ಆಗಿತ್ತು.

"ಅಡ್ಡಿಲ್ಲೆ," ಎಂದೆ.

ಹೇಳಿದ ಮೇಲೆ ನನ್ನ ದನಿ ನನಗೇ ಕೇಳಿಸಿತು. ಮೊನ್ನೆ ಅವರು ಆಡಿದ್ದೂ ಹೀಗೆಯೇ ಇದ್ದಿರಬೇಕು. ಮೂರೋ ನಾಲ್ಕೋ ಮಾತು ಒಂದರ ಮೇಲೊಂದು ಬಂದು, ಯಾವುದೂ ಹೊರಗೆ ಬರಲಾಗದೆ, ಅದಾಗಿ ಬಂದದ್ದು. ಅದಕ್ಕೆ ಒಂದು ಸ್ವರ ಹುಡುಕಲು ಕೂತಿದ್ದೆನಲ್ಲ, ನಾನೆಂಥ ಪೆದ್ದಿ.

"ಮೇಲಿನ ಸಾ ನೀನು ಮೊದ್ಲೇ ಹಿಡದೆ," ಎಂದರು.

"ತಪ್ಪಾತು."

"ತಪ್ಪು ಹೇಳಿ ಆನು ಹೇಳಿದ್ದಿಲ್ಲೆ. ಮೊದ್ಲು ಹಿಡಿಯವ್ರು ಸಾಥಿಗೆ ಕೂರ್ಲಾಗ. ಹೋಗು, ಮಕ್ಕಗೆ ಸಾ ಕೊಡು."

ಅದರಲ್ಲಿ ಸಿಟ್ಟಿತ್ತೇ? ಹಾರೈಕೆಯೇ? ನನ್ನನ್ನು ಕಳಿಸಿದರೇ, ಓಡಿಸಿದರೇ? ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಕಾಲು ಮುಟ್ಟಿ ನಮಸ್ಕರಿಸಿದೆ, ತಲೆಯ ಮೇಲೆ ಕೈಯಿಟ್ಟರು. ಸೋಮವಾರ ಯಲ್ಲಾಪುರದ ಬಸ್ಸು ಹತ್ತಿದೆ. ನಿರ್ಧಾರ ನನ್ನದೇ ಎಂದು ಯಾರಾದರೂ ಹೊಗಳಿದರೆ ನಗು ಬರುತ್ತದೆ. ಅವರು ಹೋಗು ಎಂದರು, ನಾನು ಅದರ ಹಿಂದೆ ಹೋದೆ.

ಜೂನ್‌ನಲ್ಲಿ ಮೊದಲ ಕ್ಲಾಸು. ಮಕ್ಕಳು ಚಾಪೆಯ ಮೇಲೆ ಕೈಕಟ್ಟಿ ಕೂತಿದ್ದರು. ನಾನು ಹಾರ್ಮೋನಿಯಂನ ಷಡ್ಜ ಒತ್ತಿ, ಗಾಳಿಯ ತಿದಿ ಆಡಿಸುತ್ತ ಕಾದೆ. ಅವರೂ ಕಾದರು. ಯಾಕೆ ಯಾರೂ ಶುರು ಮಾಡುತ್ತಿಲ್ಲ ಎಂದು ನಾನು ನಿಜವಾಗಿಯೂ ಒಂದು ಗಳಿಗೆ ಯೋಚಿಸಿದೆ. ಆಮೇಲೆ ಹೊಳೆಯಿತು, ಶುರು ಮಾಡಬೇಕಾದವಳು ನಾನೇ. ಬಾಯಿ ತೆರೆದೆ, ದನಿ ಒಣಗಿ ಹೊರಟಿತು. ಮಕ್ಕಳು ಅಷ್ಟೇ ಒಣಗಿದ ದನಿಯಲ್ಲಿ, ಪ್ರಾಮಾಣಿಕವಾಗಿ, ಹಿಂದೆ ಬಂದರು.

ಈಗ ವಾರಕ್ಕೊಮ್ಮೆ, ಬೆಳಗಿನ ಪ್ರಾರ್ಥನೆಗೆ ಮೊದಲು, ಗುರುಗಳಿಗೆ ಫೋನು ಮಾಡುತ್ತೇನೆ. ಮಕ್ಕಳು ಹೇಗೆ ಹಾಡುತ್ತಾರೆ ಎಂದು ಕೇಳುತ್ತಾರೆ. ಬೆಳೆದ ಹುಡುಗರ ಒಡೆದ ದನಿಯ ಕತೆ ಹೇಳಿದರೆ ನಗುತ್ತಾರೆ. ಮೊನ್ನೆ ತಡೆಯಲಾರದೆ ನಾನೇ ಕೇಳಿದೆ, ಈಗ ಪಕ್ಕದಲ್ಲಿ ಯಾರು ಕೂರುತ್ತಾರೆ ಎಂದು.

"ಯಾರೂ ಇಲ್ಲೆ. ಮೊಬೈಲಿನ ತಂಬೂರಿ ಇದ್ದಲೆ."

"ಹಾಡಕ್ಕೆ ಸರಿಯಾಗ್ತಾ ಅದು?"

"ಅಡ್ಡಿಲ್ಲೆ," ಎಂದರು.

ಈ ಸಲ ಹಾರ್ಮೋನಿಯಂ ಬೇಕಾಗಲಿಲ್ಲ. ಕೊನೆಯ ಅಕ್ಷರ ಉಸಿರಿನೊಳಗೇ ಇಳಿದು ಹೋಯಿತು. ಅದು ಮೆಟ್ಟಿಲ ಮೇಲೆ ಗೋಡೆ ಹಿಡಿದು ನಿಂತಾಗ ಕೇಳಿದ ಅಡ್ಡಿಲ್ಲೆಯೇ. ನಾನು ಏನಾದರೂ ಹೇಳುವ ಮೊದಲು ಪ್ರಾರ್ಥನೆಯ ಗಂಟೆ ಹೊಡೆಯಿತು. "ಹೋಗು, ಮಕ್ಕ ಕಾಯ್ತಾ ಇರ್ತ," ಎಂದು ಅವರೇ ಫೋನಿಟ್ಟರು.